ನೆಲ ಡೊಂಕೇ ಇತ್ತು

(ಶಾಲೆಯ ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ಆಡಿದ ಮಾತು. ಸ್ಮರಣ ಸಂಚಿಕೆಗಾಗಿ ಬರೆದುಕೊಟ್ಟದ್ದು.)



ನಮಗೆಲ್ಲ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಸಮಿತಿಯವರು "ಗುರು-ಶಿಷ್ಯ ಸಂಬಂಧದ ಬಗ್ಗೆ ಹತ್ತು ನಿಮಿಷ ಮಾತಾಡಿ ಸಾರ್" ಎಂದು ಹೇಳಿದ್ದರು. ಆ ವಿಷಯವಾಗಿ ಈಗಾಗಲೇ ಮೂವರು ಚೆನ್ನಾಗಿ ಮಾತಾಡಿದ್ದಾರೆ. ನಾನು ಒಂದು ನಿಬ್ಬಿನ ವಿಷಯ ಹೇಳುತ್ತೇನೆ. ಇಂಕ್ ಪೆನ್ನಿನ ನಿಬ್ಬು. ಹತ್ತು ನಿಮಿಷ ದಾಟಿದರೆ ನಿರೂಪಣೆ ಮಾಡುತ್ತಿರುವ ಮೇಷ್ಟರು ಚೀಟಿ ಕಳಿಸಲಿ. ಅಕ್ಷರ ದುಂಡಗಿದ್ದರೆ ಓದುತ್ತೇನೆ.

ನಾನು ಈ ಶಾಲೆಗೆ ಕನ್ನಡ ಮೇಷ್ಟರಾಗಿ ಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷ ಇಲ್ಲೇ ಇದ್ದೆ. ಆಗ ನನ್ನ ಕೈಲಿ ಓದಿದವರಿಗೆ ವ್ಯಾಕರಣ ಮರೆತಿದ್ದರೂ ನನ್ನ ಕೈಬರಹದ ಹುಚ್ಚು ಮರೆತಿರಲಾರದು. ಸೋಮವಾರ ಮೊದಲ ಪೀರಿಯಡ್ ಎಂದರೆ ಒಂದು ಪುಟ ಕಾಪಿ. ಬಾಲ್ ಪೆನ್ನು ಕಂಡರೆ ಕಿತ್ತಿಟ್ಟುಕೊಳ್ಳುತ್ತಿದ್ದೆ. ಬೆಂಚಿನಿಂದ ಬೆಂಚಿಗೆ ನಾಲ್ಕು ಹನಿ ಇಂಕು ಸಾಲ ಹೋಗುತ್ತಿತ್ತು. ಮಸಿ ಚೆಲ್ಲಿದರೆ ಸೀಮೆಸುಣ್ಣ ಒತ್ತಿ ಹೀರಿಸುತ್ತಿದ್ದಿರಿ, ಆ ನೀಲಿ ಸೀಮೆಸುಣ್ಣದಲ್ಲಿ ಮರುದಿನ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ನಿಬ್ಬು ಬರೆಯದಿದ್ದರೆ ಸೀಳಿನಲ್ಲಿ ಬ್ಲೇಡ್ ಆಡಿಸುವುದು, ಅದಕ್ಕೂ ಜಗ್ಗದಿದ್ದರೆ ಆಚೆ ಮೆಟ್ಟಿಲ ಕಲ್ಲಿಗೆ ಗರಗರ ಉಜ್ಜುವುದು. ಕಲ್ಲಿಗೆ ಉಜ್ಜುವವರನ್ನು ನಾನು ಗದರಿಸುತ್ತಿದ್ದೆ. "ಸಾಮಾನು ಹಾಳು ಮಾಡ್ತೀರಿ" ಅಂತ. ನೀವು ಮಾಡುತ್ತಿದ್ದದ್ದೂ ಒಂದು ವಿದ್ಯೆಯೇ, ಒರಟು ರೂಪದಲ್ಲಿ, ಎಂದು ತಿಳಿಯಲು ನನಗೆ ಎಪ್ಪತ್ತು ದಾಟಬೇಕಾಯಿತು.

ಮೂರು ವರ್ಷದ ಹಿಂದೆ ನನ್ನ ಬಲಗೈ ಹೆಬ್ಬೆರಳಿನ ಬುಡ ನೋಯಲು ಶುರುವಾಯಿತು. ಲೋಟ ಹಿಡಿದರೆ ನೋವು, ಬೀಗ ತಿರುವಿದರೆ ನೋವು, ಬರೆದರಂತೂ ಮೊಣಕೈವರೆಗೆ ಸೆಳೆತ. ಕೀಲು ಸವೆದಿದೆ ಎಂದರು ಡಾಕ್ಟರು. "ಬರೆಯೋದು ಕಡಿಮೆ ಮಾಡಿ" ಎಂದರು. ಕನ್ನಡ ಮೇಷ್ಟರಿಗೆ ಹೇಳುವ ಮಾತೇ ಅದು? ದಿನಕ್ಕೆರಡು ಪುಟ ಏನಾದರೂ ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ. "ಬಿಡೋದಕ್ಕೆ ಆಗದಿದ್ದರೆ ಒತ್ತದೆ ಬರೆಯಿರಿ" ಎಂದರು.

ಒತ್ತದೆ ಬರೆಯುವುದು ಬಾಲ್ ಪೆನ್ನಿನಲ್ಲಿ ಸಾಧ್ಯವಿಲ್ಲ. ಅದರ ಮಸಿ ಗಟ್ಟಿ, ತುದಿಯ ಗುಂಡು ಉರುಳಬೇಕಾದರೆ ಕಾಗದಕ್ಕೆ ಅದುಮಲೇಬೇಕು. ಇಂಕ್ ಪೆನ್ನು ಹಾಗಲ್ಲ. ಹಣತೆಯ ಬತ್ತಿಗೆ ಎಣ್ಣೆ ತಾನಾಗಿ ಏರುವ ಹಾಗೆ ನಿಬ್ಬಿನ ಸೀಳಿನಲ್ಲಿ ಮಸಿ ತಾನಾಗಿ ಇಳಿಯುತ್ತದೆ. ಆ ಶಕ್ತಿಯ ಹೆಸರನ್ನು ಮಕ್ಕಳು ವಿಜ್ಞಾನದ ಮೇಷ್ಟರನ್ನು ಕೇಳಿ. ಒಳಗಿನಿಂದ ಮಸಿ ಇಳಿದಷ್ಟೂ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪೆನ್ನು ಕಟ್ಟುತ್ತದೆ ಅಥವಾ ಕಕ್ಕುತ್ತದೆ. ಇದಕ್ಕೆ ಸರಿಯಾದ ದಾರಿ ಮಾಡಿ ಅಮೆರಿಕದ ವಾಟರ್‌ಮನ್ ಪೇಟೆಂಟ್ ಪಡೆದದ್ದು 1884ರಲ್ಲಿ. ನಿಬ್ಬಿನ ಕೆಳಗೆ ಗೀರು ಗೀರಾಗಿರುವ ಕಪ್ಪು ನಾಲಿಗೆ ಇದೆಯಲ್ಲ, ಅದರ ಕೆಲಸವೇ ಇದು. ಹೀಗಾಗಿ ಇಂಕ್ ಪೆನ್ನು ತನ್ನ ಭಾರಕ್ಕೆ ತಾನೇ ಬರೆಯಬೇಕು. ಕೈ ಬರೀ ದಾರಿ ತೋರಿಸಬೇಕು.

ಈ ಮಾತು ಕೇಳಿ ನನ್ನ ಮಗಳು ಒಂದು ಹೊರದೇಶದ ಪೆನ್ನು ತಂದುಕೊಟ್ಟಳು. ಚಿನ್ನದ ನಿಬ್ಬು. ಬೆಲೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಸರ್ವೀಸಿನಲ್ಲಿ ಹೀರೋ ಪೆನ್ನೇ ದೊಡ್ಡ ಶೋಕಿ. ಬಹಳ ಆಸೆಯಿಂದ ಮಸಿ ತುಂಬಿ ಕೂತೆ. ಬರೆದರೆ ನನ್ನ ಅಕ್ಷರ ನನಗೇ ಓದಲು ಬರಲಿಲ್ಲ.

ಗೆರೆ ದಪ್ಪ. ಮಕ್ಕಳೇ, ನಿಮ್ಮ ಗೆರೆ ಹಾಕಿದ ನೋಟ್ ಪುಸ್ತಕದಲ್ಲಿ ಎರಡು ಗೆರೆಗಳ ನಡುವೆ ಸುಮಾರು ಎಂಟು ಮಿಲಿಮೀಟರ್ ಇರುತ್ತದೆ. ಇಂಗ್ಲಿಷಿಗೆ ಅದು ಬಯಲು. ಕನ್ನಡಕ್ಕೆ ಹಾಗಲ್ಲ. ಮೇಲೆ ತಲೆಕಟ್ಟು ಅಥವಾ ಗುಡಿಸು, ಕೆಳಗೆ ಒತ್ತಕ್ಷರ. 'ರಾಷ್ಟ್ರ' ಎಂದು ಬರೆದರೆ ಷಕಾರದ ಕೆಳಗೆ ಎರಡು ಒತ್ತು ನೇತಾಡುತ್ತವೆ. ಇಷ್ಟು ಸಂಸಾರ ಇಟ್ಟುಕೊಂಡು ಮೂಲ ಅಕ್ಷರಕ್ಕೆ ಉಳಿಯುವುದು ಮೂರೋ ನಾಲ್ಕೋ ಮಿಲಿಮೀಟರ್. ಅದರೊಳಗೆ ದಕಾರ, ಹೊಟ್ಟೆ ಸೀಳಿದ ಧಕಾರ, ಹೊಟ್ಟೆಯೊಳಗೆ ಚುಕ್ಕೆ ಇಟ್ಟ ಥಕಾರ ಬೇರೆಬೇರೆಯಾಗಿ ಕಾಣಬೇಕು. ನನ್ನ ಹೊಸ ಪೆನ್ನಿನಲ್ಲಿ ಮೂರೂ ಒಂದೇ. ಮೂರೂ ಮಸಿ ಮುದ್ದೆ. ಜೊತೆಗೆ ನಿಬ್ಬು ಎಡಕ್ಕೆ ಹೊರಳಿದಾಗಲೆಲ್ಲ ಕಾಗದ ಕೆರೆಯುತ್ತಿತ್ತು. ನಮ್ಮ ಲಿಪಿ ದುಂಡಗಾದದ್ದು ಓಲೆಗರಿಯಿಂದ ಎನ್ನುತ್ತಾರೆ. ಕಂಠದಲ್ಲಿ ನೆಟ್ಟಗೆ ಗೀರಿದರೆ ಗರಿ ಸೀಳುತ್ತದೆ, ಸುತ್ತಿಸಿ ಬರೆದರೆ ಉಳಿಯುತ್ತದೆ ಎಂದು. ಹೇಗಾದರೂ ಆಗಿರಲಿ, ಕನ್ನಡದ ಒಂದು ಅಕ್ಷರ ಮುಗಿಯುವಷ್ಟರಲ್ಲಿ ನಿಬ್ಬು ನಾಲ್ಕು ದಿಕ್ಕಿಗೂ ಹೋಗಿ ಬರಬೇಕು. ಒಂದು ದಿಕ್ಕಿಗೆ ಕೆರೆದರೂ ಪ್ರತಿ ಅಕ್ಷರದಲ್ಲೂ ಕೆರೆಯಿತೆಂದೇ ಅರ್ಥ.

ಪೆನ್ನನ್ನು ಪೆಟ್ಟಿಗೆಯೊಳಗಿಟ್ಟೆ. ಮಗಳು ಬಿಡಲಿಲ್ಲ. "ಅಪ್ಪ, ಬಟ್ಟೆ ಸಡಿಲವಾದರೆ ಟೈಲರ್ ಹತ್ತಿರ ಕೊಡಲ್ವಾ? ನಿಬ್ಬನ್ನೂ ಕೈಗೆ ತಕ್ಕ ಹಾಗೆ ಉಜ್ಜಿ ಕೊಡೋರು ಇದ್ದಾರೆ" ಎಂದಳು. ಬೆಂಗಳೂರಿನ ಬಸವನಗುಡಿಯಲ್ಲಿ ಒಬ್ಬರ ಮನೆಗೆ ಕರೆದುಕೊಂಡು ಹೋದಳು. ಮೂವತ್ತು ಮೂವತ್ತೆರಡರ ಹುಡುಗ. ವಾರವೆಲ್ಲ ಕಂಪನಿ ಕೆಲಸ, ಭಾನುವಾರ ನಿಬ್ಬು ಉಜ್ಜುವುದು. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, ತೆಳ್ಳನೆಯ ಹಿತ್ತಾಳೆ ತಗಡಿನ ಚೂರುಗಳು, ಬಣ್ಣಬಣ್ಣದ ಉಜ್ಜುವ ಹಾಳೆಗಳು. ಅಷ್ಟೇ ಅವರ ಕಾರ್ಖಾನೆ.

ನಾನು ಪೆನ್ನು ಕೊಟ್ಟೆ. ಅವರು ವಾಪಸ್ಸು ನನ್ನ ಕೈಗೇ ಕೊಟ್ಟು, "ಸರ್, ಒಂದು ಪುಟ ಬರೀರಿ. ಸಹಿ ಬೇಡ, ಚೆನ್ನಾಗಿ ಬರೆಯೋಕೂ ಹೋಗಬೇಡಿ. ಮನೇಲಿ ಹೇಗೆ ಬರೀತೀರೋ ಹಾಗೆ" ಎಂದರು. ಬರೆದೆ. ಅರ್ಧ ಪುಟ ಆದ ಮೇಲೆ ತಲೆಯೆತ್ತಿ ನೋಡಿದರೆ, ಅವರು ಕಾಗದವನ್ನು ನೋಡುತ್ತಲೇ ಇರಲಿಲ್ಲ. ನನ್ನ ಕೈ ನೋಡುತ್ತಿದ್ದರು. ಬಗ್ಗಿ, ಪಕ್ಕದಿಂದ, ಮೇಜಿನ ಮಟ್ಟಕ್ಕೆ ಕಣ್ಣಿಟ್ಟು.

"ಸರ್, ನೀವು ಪೆನ್ನನ್ನು ಒಳಮುಖಕ್ಕೆ ಸ್ವಲ್ಪ ಹೊರಳಿಸಿ ಹಿಡೀತೀರಿ. ಸಾಲಿನ ಕೊನೆಗೆ ಹೋದ ಹಾಗೆ ಇನ್ನೂ ಹೊರಳುತ್ತೆ" ಎಂದರು. ಐವತ್ತು ವರ್ಷಕ್ಕೆ ಮೇಲ್ಪಟ್ಟು ಬರೆದ ಕೈ ನನ್ನದು. ಆ ಸಂಗತಿ ನನಗೇ ಗೊತ್ತಿರಲಿಲ್ಲ.

ಆಮೇಲೆ ಮಸೂರ ಕೊಟ್ಟು ನಿಬ್ಬಿನ ತುದಿ ತೋರಿಸಿದರು. ನಿಬ್ಬು ಚಿನ್ನದ್ದೇ ಇರಲಿ, ಸ್ಟೀಲಿನದೇ ಇರಲಿ, ಒಳ್ಳೆಯ ನಿಬ್ಬಿನಲ್ಲಿ ಕಾಗದ ಮುಟ್ಟುವುದು ಆ ಲೋಹವಲ್ಲ. ತುದಿಗೆ ಸಾಸಿವೆಗಿಂತ ಚಿಕ್ಕದಾದ ಗಟ್ಟಿ ಲೋಹದ ಹರಳು ಬೆಸೆದಿರುತ್ತಾರೆ. ಬೆಸೆದ ಮೇಲೆ ಅದನ್ನೂ ಸೇರಿಸಿ ನಡುವೆ ಸೀಳು ಕೊಯ್ಯುತ್ತಾರೆ. ನಿಬ್ಬಿನ ಮೇಲೆ 'ಇರಿಡಿಯಂ' ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಹೆಸರು ಹಾಗೇ ಉಳಿದುಕೊಂಡಿದೆ, ಈಗ ಹೆಚ್ಚಾಗಿ ಬಳಸುವುದು ಆಸ್ಮಿಯಂ, ರುಥೇನಿಯಂ, ಟಂಗ್‌ಸ್ಟನ್ ಇಂಥವುಗಳ ಮಿಶ್ರಣವಂತೆ. ನನ್ನ ನಿಬ್ಬಿನಲ್ಲಿ ಸೀಳಿನ ಬಲಗಡೆಯ ತುದಿ ಎಡಗಡೆಯದಕ್ಕಿಂತ ಎಷ್ಟೋ ಸ್ವಲ್ಪ ಕೆಳಗಿತ್ತು. ಬರಿಗಣ್ಣಿಗೆ ಏನೂ ಇಲ್ಲ, ಮಸೂರದಲ್ಲಿ ನಮ್ಮೂರ ಬಸ್ ಸ್ಟ್ಯಾಂಡಿನ ಮೆಟ್ಟಿಲಿನಷ್ಟು. ಪೆನ್ನು ಎಡಕ್ಕೆ ಹೋದಾಗೆಲ್ಲ ಕೆಳಗಿದ್ದ ತುದಿಯ ಒಳ ಅಂಚು ಕಾಗದ ಕಚ್ಚುತ್ತಿತ್ತು. ನನ್ನ ಹೊರಳಿಸುವ ಚಾಳಿ ಅದಕ್ಕೆ ತುಪ್ಪ ಸುರಿದಿತ್ತು.

ಮೊದಲು ಉಗುರಿನಲ್ಲೇ ಒತ್ತಿ ಎರಡೂ ತುದಿ ಸಮ ಮಾಡಿದರು. ಹಿತ್ತಾಳೆ ತಗಡನ್ನು ಸೀಳಿನಲ್ಲಿ ಆಡಿಸಿ ದಾರಿ ಬಿಡಿಸಿದರು. ಅರ್ಧ ರೋಗ ಅಲ್ಲಿಗೇ ವಾಸಿ. ಆಮೇಲೆ ಉಜ್ಜುವುದು. ಹಾಳೆಯ ಮೇಲೆ ಒಂದು ತೊಟ್ಟು ನೀರು ಹಾಕಿ, ನಾನು ಹಿಡಿಯುವ ಕೋನದಲ್ಲೇ ಪೆನ್ನು ಹಿಡಿದು, ಇಂಗ್ಲಿಷಿನ ಎಂಟರ ಅಂಕಿಯ ಹಾಗೆ ನಾಲ್ಕೈದು ಸುತ್ತು. ತೊಳೆದು ಒರೆಸಿ ಮಸೂರದಲ್ಲಿ ನೋಡುವುದು. ನನಗೆ ಕೊಡುವುದು. "ಬರೀರಿ." ನಾನು ಒಂದು ಸಾಲು ಬರೆಯುವುದು. ಮತ್ತೆ ನಾಲ್ಕು ಸುತ್ತು. ಮೊದಲು ಹನ್ನೆರಡು ಮೈಕ್ರಾನಿನ ಹಾಳೆ, ಆಮೇಲೆ ಮೂರು, ಕೊನೆಗೆ ಒಂದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಮುಟ್ಟಿದರೆ ರೇಷ್ಮೆಯ ಹಾಗಿತ್ತು.

"ಒಂದೇ ಸಲ ಉಜ್ಜಿ ಮುಗಿಸಬಾರದೇ?" ಎಂದೆ. ಊಟದ ಹೊತ್ತಾಗಿತ್ತು. "ಸರ್, ಹೋದ ಲೋಹ ವಾಪಸ್ ಬರಲ್ಲ" ಎಂದರು. ತುಂಬಾ ನುಣುಪು ಮಾಡಿದರೂ ಕೆಡುತ್ತದಂತೆ. ಸೀಳಿನ ಎರಡು ಒಳ ಅಂಚುಗಳೂ ದುಂಡಗಾಗಿಬಿಟ್ಟರೆ ಮಸಿ ಕಾಗದಕ್ಕೆ ತಾಗುವುದೇ ಇಲ್ಲ, ಪ್ರತಿ ಪದದ ಮೊದಲ ಗೀಟು ಖಾಲಿ ಹೋಗುತ್ತದೆ. ಸ್ವಲ್ಪ ಕೆರೆತ ಉಳಿಯಬೇಕು, ಆಗಲೇ ಕೈಗೆ ಕಾಗದ ಗೊತ್ತಾಗುವುದು.

ಶೋಕಿಗೆ ಉಜ್ಜಿಸುವವರೂ ಇದ್ದಾರೆ. ತುದಿಯನ್ನು ಉಳಿಯ ಹಾಗೆ ಚಪ್ಪಟೆ ಮಾಡಿಸಿದರೆ ಕೆಳಗಿಳಿಯುವ ಗೀಟು ದಪ್ಪ, ಅಡ್ಡ ಗೀಟು ಸಣ್ಣ ಬರುತ್ತದೆ, ಮದುವೆ ಕಾಗದದ ಇಂಗ್ಲಿಷ್ ಅಕ್ಷರದ ಹಾಗೆ. ನನಗೂ ಆಸೆಯಾಯಿತು. ಅವರು ಕೇಳಿದರು: "ದಿನಾ ಏನು ಬರೀತೀರಿ ಸರ್?" ಹಾಲಿನ ಲೆಕ್ಕ, ಡೈರಿ, ಓದಿದ ಪುಸ್ತಕದ ಟಿಪ್ಪಣಿ, ಹಳೆಯ ಸ್ನೇಹಿತರಿಗೆ ಕಾಗದ ಎಂದೆ. "ಹಾಗಾದರೆ ಅದು ಬೇಡ. ದಿನದ ಕೆಲಸದ ನಿಬ್ಬು ಚಪ್ಪಲಿಯ ಹಾಗಿರಬೇಕು, ಹಾಕಿಕೊಂಡದ್ದು ಮರೆತುಹೋಗಬೇಕು" ಎಂದರು. ಒಪ್ಪಿದೆ. ಏಳು ದಶಾಂಶ ಮಿಲಿಮೀಟರ್ ಇದ್ದ ಗೆರೆಯನ್ನು ನಾಲ್ಕು ದಶಾಂಶಕ್ಕೆ ಇಳಿಸಿ, ನನ್ನ ಹೊರಳುವ ಬದಿಗೆ ಸ್ವಲ್ಪ ಹೆಚ್ಚು ದುಂಡಗೆ ಮಾಡಿ ಕೊಟ್ಟರು. ಬರೆದೆ. ಥಕಾರದ ಹೊಟ್ಟೆಯೊಳಗೆ ಚುಕ್ಕೆ ಕಂಡಿತು. ಮೂರು ಸಾಲು ಬರೆದ ಮೇಲೆ ಹೆಬ್ಬೆರಳು ಒತ್ತುತ್ತಿಲ್ಲ ಎಂಬುದು ಗಮನಕ್ಕೆ ಬಂತು.

ಇಷ್ಟಕ್ಕೇ ಎದ್ದು ಬಂದಿದ್ದರೆ ಈ ಸಭೆಯಲ್ಲಿ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ.

ಅವರು ಡ್ರಾಯರಿನಿಂದ ಒಂದು ಹಳೆಯ ನಿಬ್ಬು ತೆಗೆದು ಮಸೂರದ ಕೆಳಗಿಟ್ಟರು. "ಇದು ನೋಡಿ ಸರ್, ಒಬ್ಬ ವಕೀಲರು ನಲವತ್ತು ವರ್ಷ ಬರೆದದ್ದು." ಹರಳಿನ ಒಂದು ಬದಿ ಇಳಿಜಾರಾಗಿ, ಮಳೆ ಬಿದ್ದ ಹೆಂಚಿನ ಹಾಗೆ ನಯವಾಗಿ ಸವೆದಿತ್ತು. ಇಳಿಜಾರು ಮುಗಿಯುವ ಕಡೆ ಚೂಪಾದ ಅಂಚು. "ಅವರ ಕೈಗೆ ಇದು ಬೆಣ್ಣೆ. ಅವರ ಮಗ ಎಡಗೈಯವರು. ಅಪ್ಪನ ನೆನಪಿಗೆ ಇದರಲ್ಲೇ ಬರೀಬೇಕು ಅಂತ ಆಸೆ. ಅವರ ಕೈಗೆ ಇದು ಬ್ಲೇಡು. ಬಲಗೈಯವರು ನಿಬ್ಬನ್ನು ಎಳೆಯುವ ಕಡೆ ಎಡಗೈಯವರು ದೂಡ್ತಾರೆ. ಕಾಗದ ಹರಿದೇ ಹೋಗುತ್ತೆ."

ಕಾಗದ ಹರಿದೇ ಹೋಗುತ್ತೆ ಎಂದಾಗ ನನಗೆ ಈ ಶಾಲೆಯ ಒಂಬತ್ತನೇ ತರಗತಿ ನೆನಪಾಯಿತು. 1987. ಬಾಗಿಲ ಪಕ್ಕದ ಬೆಂಚು. ಹೆಸರು ಹೇಳುವುದಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗ. ಅವನ ನೋಟ್ ಪುಸ್ತಕದಲ್ಲಿ ಮಸಿ, ತೂತು, ಹಿಂದಿನ ಪುಟದ ಅಕ್ಷರ ಮುಂದಿನ ಪುಟದಲ್ಲಿ. ಒಂದು ಸಲ ಪ್ರಬಂಧ ಬರೆಸಿದ್ದೆ. ತಮ್ಮ ಹೊಲದಲ್ಲಿ ಬಾವಿ ತೋಡಿದ್ದರ ಬಗ್ಗೆ ಬರೆದಿದ್ದ. ನೀರು ಬಂದ ರಾತ್ರಿ ಅವನ ಅಜ್ಜಿ ಬಾವಿಯ ದಂಡೆಯಲ್ಲೇ ಮಲಗಿದರು ಎಂದು ಒಂದು ಸಾಲು ಇತ್ತು; ಇವತ್ತಿಗೂ ಮರೆತಿಲ್ಲ. ಹತ್ತಕ್ಕೆ ಎಂಟು ಕೊಡಬೇಕಾದದ್ದು. ಕೈಬರಹಕ್ಕೆಂದು ನಾಲ್ಕು ಕಳೆದು, ಕೆಂಪು ಇಂಕಿನಲ್ಲಿ 'ಕಾಗೆ ಕಾಲು' ಎಂದು ಬರೆದು, ಆ ಪುಟವನ್ನು ತರಗತಿಗೆಲ್ಲ ಎತ್ತಿ ತೋರಿಸಿದೆ. ಅವನು ಎದ್ದು ನಿಂತು ಮೆಲ್ಲಗೆ, "ಸಾರ್, ನಿಬ್ಬು ಕೆರೀತದೆ" ಎಂದ.

ನಾನು ಏನೆಂದೆ ಗೊತ್ತೇ? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ತರಗತಿ ಗೊಳ್ಳೆಂದು ನಕ್ಕಿತು. ಗಾದೆ ಸರಿಯಾದ ಜಾಗದಲ್ಲಿ ಬಿತ್ತೆಂದು ನನಗೂ ಹೆಮ್ಮೆ. ಆಮೇಲೆ ಅವನು ಪ್ರಬಂಧ ಬರೆದುಕೊಡಲಿಲ್ಲ. ಕೇಳಿದರೆ "ಮರೆತೆ ಸಾರ್" ಎನ್ನುತ್ತಿದ್ದ. ಕನ್ನಡದಲ್ಲಿ ಪಾಸಿಗೆ ಬೇಕಾದಷ್ಟು ತೆಗೆದು ಹತ್ತನೆಯದು ಮುಗಿಸಿ ಹೋದ. ಆ ಪೆನ್ನನ್ನು ಒಂದು ಸಲ ಕೈಗೆ ತೆಗೆದುಕೊಂಡು ಒಂದು ಗೀಟು ಎಳೆದು ನೋಡಿದ್ದರೆ ಸಾಕಿತ್ತು. ನಾನು ಕೈಬರಹ ತಿದ್ದಿದವನು, ನೂರಾರು ಮಕ್ಕಳ ಅಕ್ಷರ ನೋಡಿದವನು. ಒಬ್ಬರ ಕೈಯನ್ನೂ ನೋಡಿರಲಿಲ್ಲ.

ಮನೆಗೆ ಬಂದ ಮೇಲೆ ಹಳೆಯ ವಿದ್ಯಾರ್ಥಿಗಳ ಸಂಘದವರಿಂದ ಅವನ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಗುರುತು ಹಿಡಿದು, "ಸಾರ್, ಚೆನ್ನಾಗಿದ್ದೀರಾ?" ಎಂದ. ನಾನು ಸುತ್ತಿ ಬಳಸಿ ಕೊನೆಗೆ ಆ ಪೆನ್ನಿನ ವಿಷಯ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಅಂಗಡಿಯಲ್ಲಿ ಯಾವುದೋ ಯಂತ್ರ ಓಡುತ್ತಿತ್ತು.

"ಅದು ನಮ್ಮಪ್ಪಂದು ಸಾರ್. ಸೊಸೈಟೀಲಿ ಲೆಕ್ಕ ಬರೀತಿದ್ರಲ್ಲ, ಅವರು ಬರೆದು ಬರೆದು ಬಿಟ್ಟಿದ್ದು. ಹೊಸ ನಿಬ್ಬು ಹಾಕಿಸಿಕೊಡಿ ಅಂತ ಕೇಳೋ ಹಾಗಿರಲಿಲ್ಲ. ಆ ವರ್ಷ ಬಾವಿ ಸಾಲ."

ಅಗ್ಗದ ಸ್ಟೀಲ್ ನಿಬ್ಬುಗಳಲ್ಲಿ ಎಷ್ಟೋ ಸಲ ಗಟ್ಟಿ ಹರಳೇ ಇರುವುದಿಲ್ಲ, ತುದಿಯನ್ನೇ ಮಡಿಸಿ ಗುಂಡಗೆ ಮಾಡಿರುತ್ತಾರೆ. ಬೇಗ ಸವೆದು ಬರೆಯುವವರ ಕೈಗೆ ಒಗ್ಗಿಬಿಡುತ್ತವೆ. ಬಲಗೈಯ ಅಪ್ಪ ಸವೆಸಿದ ನಿಬ್ಬು, ಎಡಗೈಯ ಮಗ. ನೆಲ ಡೊಂಕೇ ಇತ್ತು.

ತಪ್ಪಾಯಿತು ಎಂದೆ. "ಅಯ್ಯೋ, ಬಿಡಿ ಸಾರ್, ಎಷ್ಟು ಹಳೇದು" ಎಂದ. ಈಗ ಯಾವುದರಲ್ಲಿ ಬರೀತೀಯಪ್ಪ ಎಂದು ಕೇಳಿದೆ. "ನಾನು ಬರೆಯೋದೇ ಇಲ್ಲ ಸಾರ್. ಬಿಲ್ಲು ಹುಡುಗ ಬರೀತಾನೆ" ಎಂದ. ಸಮಾರಂಭಕ್ಕೆ ಬಾ ಎಂದೆ. "ಬೇಸಿಗೆ ಸೀಸನ್ನು, ದಿನಾ ಮೋಟಾರ್ ಸುಟ್ಕೊಂಡು ಬರ್ತಾರೆ. ನೋಡ್ತೀನಿ ಸಾರ್" ಎಂದ. ಬೆಳಿಗ್ಗೆಯಿಂದ ಆ ಬಾಗಿಲ ಕಡೆ ನೋಡುತ್ತಲೇ ಇದ್ದೇನೆ.

ಅವನಿಗೆ ಒಂದು ಪೆನ್ನು ತಂದಿದ್ದೇನೆ. ಆ ಬಸವನಗುಡಿಯ ಹುಡುಗನೇ ಎಡಗೈಗೆ ಉಜ್ಜಿ ಕೊಟ್ಟದ್ದು. ಕೈ ನೋಡದೆ ಉಜ್ಜುವುದಿಲ್ಲ ಎಂದು ಮೊದಲು ಒಪ್ಪಲೇ ಇಲ್ಲ. ಕತೆ ಹೇಳಿದ ಮೇಲೆ, ಯಾವ ಕಡೆ ದೂಡಿದರೂ ಕಚ್ಚದ ಹಾಗೆ ಮಾಡಿಕೊಟ್ಟು, "ಮೊದಲು ಇದರಲ್ಲಿ ಬರೀಲಿ, ಆಮೇಲೆ ಕರೆದುಕೊಂಡು ಬನ್ನಿ" ಎಂದಿದ್ದಾರೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಚೀಟಿ ಬಂತು. ಅಕ್ಷರ ದುಂಡಗೇ ಇದೆ ಮೇಷ್ಟ್ರೇ, ಓದಿದೆ. ಇನ್ನೊಂದೇ ಮಾತು, ಇದು ಜಮಖಾನದ ಮೇಲೆ ಕೂತವರಿಗೆ. ನನ್ನ ಚೀಲದಲ್ಲಿ ಒಂದು ಮಸೂರ, ಹಿತ್ತಾಳೆ ತಗಡು, ಎರಡು ಹಾಳೆ ಇವೆ. ನಾನು ಕಲಿತದ್ದು ಬಹಳ ಸ್ವಲ್ಪ. ತುದಿ ಸಮ ಮಾಡುವುದು, ಸೀಳು ಬಿಡಿಸುವುದು, ಅಷ್ಟೇ. ಊಟ ಆದ ಮೇಲೆ ಎಂಟನೇ ತರಗತಿಯ ಮುಂದಿನ ಮೆಟ್ಟಿಲ ಮೇಲೆ ಕೂತಿರುತ್ತೇನೆ, ಆ ಉಜ್ಜುವ ಕಲ್ಲಿನ ಪಕ್ಕದಲ್ಲೇ. ಕೆರೆಯುವ ಇಂಕ್ ಪೆನ್ನು ಇರುವವರು ತನ್ನಿ, ಎಡಗೈಯವರು ಮೊದಲು. ಬಾಲ್ ಪೆನ್ನಿಗೆ ನನ್ನಲ್ಲಿ ಔಷಧಿ ಇಲ್ಲ.